ಕಾಕಾನ ಬಿಳಿ ಕರ್ಚೀಫು

ಸತ್ತವರನ್ನು ಬೆಳ್ಳಗೆ ಮಾಡುವ ಚಟ ಈ ಫೋಟೋ ಸ್ಟುಡಿಯೋದವರಿಗೆ ಎಲ್ಲಿಂದ ಅಂಟಿಕೊಂಡಿತೋ ದೇವರೇ ಬಲ್ಲ. ನವಿ ಮುಂಬೈಯ ಖಾರಘರದ ಆ ಎತ್ತರದ ಕಟ್ಟಡದಲ್ಲಿ ಲಿಫ್ಟಿನಿಂದ ಇಳಿದು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಎದುರಿಗೇ ಸ್ಟೂಲಿನ ಮೇಲೆ ಫೋಟೋ. ಗಂಧದ ಹಾರ, ಊದುಬತ್ತಿ, ದೀಪ, ಎಲ್ಲ ಸರಿಯಾಗಿಯೇ ಇತ್ತು. ಫೋಟೋದಲ್ಲಿರುವವರು ಯಾರು ಅಂತ ಮಾತ್ರ ನನಗೆ ತಕ್ಷಣ ಗೊತ್ತಾಗಲಿಲ್ಲ. ಕಾಕಾ ಎಂದರೆ ಹದವಾಗಿ ಹುರಿದ ಕಾಫಿಬೀಜದ ಬಣ್ಣ, ಕೆನ್ನೆ ತುಂಬ ಸಿಡುಬಿನ ಗುಳಿ, ಹುಬ್ಬುಗಳ ನಡುವೆ ಸದಾ ಒಂದು ಗಂಟು. ಇಲ್ಲಿದ್ದವರು ಮೈದಾಹಿಟ್ಟು ಬಳಿದುಕೊಂಡ ಹಾಗೆ ಬೆಳ್ಳಗಿದ್ದರು. ಗುಳಿಗಳು ಮುಚ್ಚಿದ್ದವು, ಹುಬ್ಬಿನ ಗಂಟು ಬಿಚ್ಚಿತ್ತು. ಬೆನ್ನ ಹಿಂದೆ ನೀಲಿ ಸರೋವರ, ಅದರಾಚೆ ಹಿಮದ ಬೆಟ್ಟ! ಕಾಕಾ ಹಿಮ ನೋಡಿದ್ದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ನೋಡಿರಬೇಕು, ಅಷ್ಟೆ.

"ಅಚ್ಛಾ ಆಯಾ ಹೈ ನ, ಆಂಟಿ?" ಅಂದಳು ಕಾಕಾನ ಮಗಳು. ಅವಳು ಮುಂಬೈ ಹತ್ತಿರದ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ. "ಬಾಬಾ ಕಾ ಏಕ್ ಭೀ ಫೋಟೋ ನಹೀ ಥಾ. ಫ್ಯಾಕ್ಟರಿ ಕೆ ಐಡಿ ಕಾರ್ಡ್ ಸೆ ಬನವಾಯಾ." ಅಪ್ಪನದು ಒಂದೂ ಫೋಟೋ ಇರಲಿಲ್ಲವಂತೆ, ಫ್ಯಾಕ್ಟರಿಯ ಐಡಿ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದಂತೆ.

ಕಾಕು, ಅಂದರೆ ಕಾಕಾನ ಹೆಂಡತಿ, ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, ಮಗಳಿಗೆ ಕೇಳಿಸದ ಹಾಗೆ ಅಂದರು: "ಬಾಯಾರ, ನೀವರ ಹೇಳ್ರಿ. ಆ ಫೋಟೋ ನೋಡಿದ್ರ ನನಗ ಅಳೂನೂ ಬರವಲ್ದು. ಯಾರೋ ಬ್ಯಾರೆಯವರು ನಮ್ಮ ಮನ್ಯಾಗ ಬಂದು ಕುಂತಂಗ ಆಗೈತಿ."

ನನಗೂ ಹಾಗೆಯೇ ಅನಿಸುತ್ತಿತ್ತು. ಕಾಕಾ ಬದುಕಿದ್ದಿದ್ದರೆ ಆ ಫೋಟೋವನ್ನು ಬಾಲ್ಕನಿಗೆ ಒಯ್ದು, ಒಂದು ಕಣ್ಣು ಮುಚ್ಚಿ, ತೋಳಳತೆಯ ದೂರ ಹಿಡಿದು ನೋಡಿ, ಅವರ ಆ ಎರಡೇ ಮಾತು ಹೇಳಿ ವಾಪಸ್ ಕಳಿಸುತ್ತಿದ್ದರು. "ಮ್ಯಾಚ್ ಆಗೂದಿಲ್ಲ."

ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ "ಯಾಕ ಬರದ್ರಿ? ಯಾರ ಕೇಳಿದ್ರು ನಿಮಗ?" ಅಂತ ಅಲ್ಲಿಂದಲೇ ಕೇಳಿಯಾರು. ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಮರಾಠಿಯವರು, ತುಳುವರು, ನಮ್ಮಂಥ ಮೈಸೂರಿನವರು, ಎಲ್ಲರಿಗೂ ಅವರು ಕಾಕಾ. ಬಿಜಾಪುರದ ಕಡೆಯವರು. ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಗಳ ಸಾಲಿನಲ್ಲಿ ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಒಂದು ಫ್ಯಾಕ್ಟರಿ, ಅದರ ಲ್ಯಾಬಿನಲ್ಲಿ ಕೆಲಸ. ಕೆಲಸ ಅಂದರೆ ನೋಡುವುದು. ಪ್ರತಿ ಸಲ ಬಣ್ಣ ತಯಾರಾದಾಗ ಅದರಲ್ಲಿ ಹತ್ತಿಯ ತುಂಡೊಂದನ್ನು ಅದ್ದಿ ಒಣಗಿಸಿ ಇವರ ಮುಂದೆ ಇಡುತ್ತಾರೆ. ಇವರು ಅದನ್ನು ಅಸಲಿ ತುಂಡಿನ ಪಕ್ಕ ಹಿಡಿದು, ಬಣ್ಣ ಸರಿ ಬಂತೋ ಇಲ್ಲವೋ ಹೇಳಬೇಕು. ಯಂತ್ರ ಬಂದ ಮೇಲೂ ಕೊನೆಯ ಮಾತು ಕಾಕಾನದೇ. "ಯಂತ್ರಕ್ಕ ಸಂಶೆ ಬರೂದಿಲ್ರೀ, ಅದಕ್ಕ ಅದು ತಪ್ಪತೈತಿ" ಅನ್ನುತ್ತಿದ್ದರು. ಇನ್ನೊಂದು ಜಂಬದ ಮಾತೂ ಇತ್ತು: "ನಮ್ಮ ಬಣ್ಣ ಒಮ್ಮೆ ಹತ್ತಿಗೆ ಹಿಡೀತಂದ್ರ ಮುಗೀತು. ಸಾಬೂನಾ ಸವೀಬೇಕ ಹೊರತು ಬಣ್ಣ ಬಿಡೂದಿಲ್ಲ."

ಮನುಷ್ಯನಿಗೆ ಇದ್ದ ಆಸ್ತಿ ಅದೊಂದೇ, ಆ ಕಣ್ಣು. ಉಳಿದದ್ದೆಲ್ಲ ಅನುಮಾನ.

ಹಾಲಿನವನ ಮೇಲೆ ಅನುಮಾನ, ತಕ್ಕಡಿಯ ಮೇಲೆ ಅನುಮಾನ. ರೈಲ್ವೆ ಹಳಿಯ ಪಕ್ಕ ಗಟಾರದ ನೀರು ಹಾಯಿಸಿ ಬೆಳೆದದ್ದು ಅಂತ ಪಾಲಕ್ ಸೊಪ್ಪನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಗಾಡಿ ಸಮಯಕ್ಕೆ ಸರಿಯಾಗಿ ಬಂದರೆ, ಇದು ಹಿಂದಿನ ಗಾಡಿಯೇ ಇರಬೇಕು ಅನ್ನುವರು. ಒಮ್ಮೆ ನಾನು ಕಾಕುಗೆ ಮೈಸೂರುಪಾಕು ಕೊಟ್ಟೆ. ಮಾರನೇ ದಿನ ಮೆಟ್ಟಿಲ ಮೇಲೆ ಸಿಕ್ಕ ಕಾಕಾ ಕೇಳಿದ್ದು: "ಭಾಳ ಛಲೋ ಇತ್ರಿ. ಏನರ ಕೆಲಸ ಇತ್ತೇನು?"

ನಮ್ಮ ಪರಿಚಯವಾದದ್ದೂ ಜಗಳದಿಂದಲೇ. ಎರಡು ಸಾವಿರದ ಆರೋ ಏಳೋ ಇರಬೇಕು. ನಾನು ಪಕ್ಕದ ಠಾಣೆ ನಗರದ ಒಂದು ಶಾಲೆಯಲ್ಲಿ ಗಣಿತದ ಟೀಚರು, ಅದೇ ಹೊಸದಾಗಿ ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ಕೊಂಡಿದ್ದೆ. ನಮ್ಮ ಸೊಸೈಟಿಯ ಹಿಂದೆ, ಠಾಕುರ್ಲಿ ಸ್ಟೇಷನ್ನಿನ ಕಡೆಗೆ, ಒಂದು ತಲಾವ್ ಇತ್ತು. ಇಲ್ಲಿ ಕೆರೆ ಅಂತ ಯಾರೂ ಅನ್ನುವುದಿಲ್ಲ, ತಲಾವ್. ಸುತ್ತ ಹುಣಸೆ, ಬಾದಾಮಿ ಮರ, ಒಂದು ಸಣ್ಣ ಗುಡಿ, ಆಚೆ ದಡದಲ್ಲಿ ಹೊಸ ಕಟ್ಟಡಗಳು. ಕಣ್ಣಿಗೆ ಚೆಂದ ಕಾಣುವ ಆ ನೀರು ನನ್ನ ಕ್ಯಾಮೆರಾದಲ್ಲಿ ಮಾತ್ರ ಪಾತ್ರೆ ತೊಳೆದ ನೀರಿನ ಹಾಗೆ ಮಂಕಾಗಿ ಬರುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ರೇಗಿಹೋಗಿ, "ಥೂ, ದರಿದ್ರ ಕ್ಯಾಮೆರಾ!" ಅಂದೆ.

"ಕನ್ನಡದವರೇನ್ರೀ?" ಅಂತ ಹಿಂದಿನಿಂದ ಒಂದು ದನಿ. ಸಂತೋಷದಿಂದ ತಿರುಗಿದೆ. "ನನ್ನ ಫೋಟೋ ಯಾಕ ತಗದ್ರಿ? ಮೊದ್ಲ ಅಳಸ್ರಿ ಅದನ್ನ."

ಮೂರು ಕಾಲಿನ ಸ್ಟ್ಯಾಂಡ್ ಮೇಲೆ ದೊಡ್ಡ ಕ್ಯಾಮೆರಾ ಹೂಡಿಕೊಂಡು ನಿಂತಿದ್ದ ಮನುಷ್ಯ. ನಾನು ತೆಗೆದದ್ದು ನೀರಿನ ಫೋಟೋ, ನಿಮ್ಮದಲ್ಲ ಅಂತ ತೋರಿಸಿದರೂ ನಂಬಲಿಲ್ಲ. ದೊಡ್ಡದು ಮಾಡಿ ಮೂಲೆಮೂಲೆ ಹುಡುಕಿದರು. ಕೊನೆಗೆ ಅವರ ಮೊಣಕೈಯಷ್ಟು ಒಂದು ಕಡೆ ಸಿಕ್ಕಿತು. ಅದನ್ನೂ ಅಳಿಸಿಸಿದರು! ಆಮೇಲೆ ನನ್ನ ಕ್ಯಾಮೆರಾದ ಗಾಜನ್ನು ಬೆಳಕಿಗೆ ಹಿಡಿದು ನೋಡಿ, "ಗಾಜಿನ ಮ್ಯಾಲ ಬೆರಳ ಅಚ್ಚ ಐತಿ. ಸಾಂಬಾರ ತಿಂದ ಬೆರಳು" ಅಂದರು. ಅದೇ ಮೊದಲ ಪಾಠ. ಅವತ್ತಿನಿಂದ ನಾನು ಅವರಿಗೆ "ಬಾಯಾರ". ಅವರ ಕಡೆ ಶಾಲೆಯ ಟೀಚರನ್ನು ಹಾಗೇ ಕರೆಯುವುದಂತೆ.

ತಮ್ಮ ಫೋಟೋ ತೆಗೆಸಿಕೊಳ್ಳಲು ಯಾಕೆ ಅಷ್ಟು ಭಯ ಅಂತ ಒಮ್ಮೆ ಕೇಳಿದೆ. "ಯಾರ ಕೈಯಾಗ ಹೋಗತೈತೋ, ಏನ ಮಾಡತಾರೋ, ಯಾರಿಗ ಗೊತ್ರಿ?" ಅಂದರು. ಈಗ ಸ್ಟೂಲಿನ ಮೇಲಿನ ಹಿಮದ ಬೆಟ್ಟ ನೋಡಿದರೆ ಆ ಭಯದಲ್ಲಿ ತಪ್ಪೇನೂ ಇರಲಿಲ್ಲ ಅನಿಸುತ್ತದೆ.

ತಲಾವ್ ಒಂದೇ ಅವರ ವಿಷಯ. ಹಕ್ಕಿ ಬೇಡ, ಮದುವೆ ಬೇಡ, ಹುಟ್ಟುಹಬ್ಬ ಬೇಡ. ಠಾಣೆಯ ತಲಾವ್‌ಗಳಿಗೆ ಹೋಗುವರು, ಮಳೆಗಾಲದಲ್ಲಿ ಖಾರಘರದ ಗುಡ್ಡದ ಬುಡಕ್ಕೆ ಹೋಗುವರು, ಮತ್ತೆ ನಮ್ಮ ಹಿತ್ತಲಿನ ತಲಾವ್‌ಗೇ ಬರುವರು. ನೀರಿನ ದಂಡೆಯಲ್ಲಿ ಒಳ್ಳೆಯ ಬಣ್ಣ, ಶಾರ್ಪ್ ಅನ್ನುತ್ತಾರಲ್ಲ ಆ ಚುರುಕು, ಎರಡೂ ಬರಬೇಕಾದರೆ ಏನು ಮಾಡಬೇಕು ಅಂತ ನನಗೆ ಕಲಿಸಿದ್ದು ಅವರೇ. ಕಲಿಸುವಾಗಲೂ ಬೈಗುಳ. ಬಿಸಿಲು ಕಟ್ಟಡ ದಾಟಿ ಬಂದ ಮೇಲೆ ಮನೆಗೆ ಹೋಗಿ ಮಲಗಿ, ಆ ಬೆಳಕು ಸುಳ್ಳು ಹೇಳುತ್ತದೆ. ಕೈಯನ್ನು ನಂಬಬೇಡಿ, ಸ್ಟ್ಯಾಂಡ್ ಹಾಕಿ, ಸ್ಟ್ಯಾಂಡನ್ನೂ ನಂಬಬೇಡಿ, ಅದಕ್ಕೆ ಚೀಲ ತೂಗುಹಾಕಿ. ಗುಂಡಿಯನ್ನು ಬೆರಳಿನಿಂದ ಒತ್ತಿದರೆ ಕ್ಯಾಮೆರಾ ಬೆಚ್ಚುತ್ತದೆ, ಟೈಮರ್ ಇಟ್ಟು ದೂರ ನಿಲ್ಲಿ.

ಲೆನ್ಸಿನ ಮುಂದೆ ಅವರು ಒಂದು ಕಪ್ಪು ಗಾಜು ಹಾಕುತ್ತಿದ್ದರು. ಅದನ್ನು ಮೆಲ್ಲಗೆ ತಿರುಗಿಸಿದರೆ ನೀರಿನ ಮೇಲಿನ ಹೊಳಪು ಆರಿ, ಒಳಗಿನ ಬಣ್ಣ ಕಾಣುತ್ತಿತ್ತು. ನಾನು ಮೊದಲ ಸಲ ನೋಡಿ "ಅಬ್ಬಾ!" ಅಂದೆ. ಅವರಿಗೆ ಆ ಉದ್ಗಾರ ಹಿಡಿಸಲಿಲ್ಲ. "ಅಬ್ಬಾ ಏನಬ್ಬಾ? ಹೊಳಿಯೂದೆಲ್ಲಾ ಏನರ ಮುಚ್ಚಿಕೊಂಡಿರತೈತ್ರಿ" ಅಂದರು.

ಕಂಪ್ಯೂಟರಿನಲ್ಲಿ ಬಣ್ಣ ಹೆಚ್ಚಿಸುವ ಗುಂಡಿಯ ಕಡೆ ನನ್ನ ಕೈ ಹೋದರೆ ಸಾಕು, ಗದರುತ್ತಿದ್ದರು. "ಉಪ್ಪ ಜಾಸ್ತಿ ಆದ್ರ ತಗಿಯಾಕ ಬರತೈತೇನು? ಬಣ್ಣ ಹಾಕೂದಲ್ರಿ, ಮುಸುಕ ತಗಿಯೂದು." ಚುರುಕು ಹೆಚ್ಚಿಸಿದರೂ ಅಷ್ಟೆ, "ನೀರಿಗೆ ಮುಳ್ಳ ಬಂದಾವು ನೋಡ್ರಿ" ಅನ್ನುವರು.

ಎಲ್ಲಕ್ಕಿಂತ ಮುಖ್ಯ ಅವರ ಕರ್ಚೀಫು. ಫೋಟೋ ತೆಗೆಯುವ ಮೊದಲು ಜೇಬಿನಿಂದ ಬಿಳಿ ಹತ್ತಿ ಕರ್ಚೀಫು ತೆಗೆದು ದಂಡೆಯ ಕಲ್ಲಿನ ಮೇಲೆ ಹರಡಿ, ಕ್ಯಾಮೆರಾಗೆ ಅದನ್ನು ತೋರಿಸಿ, "ಇದು ಬಿಳಿ" ಅಂತ ಹೇಳಿಕೊಡುವರು. ಕ್ಯಾಮೆರಾ ಅದನ್ನು ನಂಬಿ ಉಳಿದ ಬಣ್ಣಗಳನ್ನೆಲ್ಲ ಅದರ ಲೆಕ್ಕದಲ್ಲಿ ಹೊಂದಿಸಿಕೊಳ್ಳುತ್ತದೆ. "ಬಿಳಿ ಯಾವುದಂತ ಮೊದ್ಲ ಖಾತ್ರಿ ಆಗಬೇಕ್ರಿ. ಬಿಳಿ ತಪ್ಪಿದ್ರ ಎಲ್ಲಾ ತಪ್ಪು." ಕೆಲಸ ಮುಗಿದ ಮೇಲೆ ಸ್ಟ್ಯಾಂಡಿನ ಕಾಲಿಗೆ ಮೆತ್ತಿದ ಕೆಸರನ್ನು ಅದೇ ಕರ್ಚೀಫಿನಿಂದ ಒರೆಸಿ, ತಲಾವ್ ನೀರಿನಲ್ಲೇ ಜಾಲಿಸಿ, ಹಿಂಡಿ, ಮನೆಗೆ ಹೋಗಿ ಕಿಟಕಿಯ ಗ್ರಿಲ್ಲಿಗೆ ಒಣಹಾಕುವುದು. ವರ್ಷಗಟ್ಟಲೆ ಇದೇ ಪದ್ಧತಿ. ನನಗೆ ಆ ಕರ್ಚೀಫು ಮುಟ್ಟಲೂ ಬಿಡುತ್ತಿರಲಿಲ್ಲ. "ನಿಮ್ಮ ಕೈಯಾಗ ಚಾಕ್‌ಪೀಸಿನ ಧೂಳ ಇರತೈತಿ." ನಾನು ಉತ್ತರಪತ್ರಿಕೆಯ ಖಾಲಿ ಹಾಳೆಯೊಂದನ್ನು ಇಟ್ಟುಕೊಂಡು ಕೆಲಸ ಸಾಗಿಸುತ್ತಿದ್ದೆ.

ಜನ ಅವರನ್ನು ನಂಬುತ್ತಿದ್ದರೇ? ಎಲ್ಲಿಯ ಮಾತು! ದಿನಾ ನಸುಕಿನಲ್ಲಿ ನೀರಿನ ಪಕ್ಕ ಕ್ಯಾಮೆರಾ ಹಿಡಿದು ನಿಲ್ಲುವ ಗಂಡಸು. ಬಟ್ಟೆ ಒಗೆಯುವ ಹೆಂಗಸರಿಗೆ ಒಂದು ಅನುಮಾನ, ರೈಲ್ವೆ ಪೊಲೀಸರಿಗೆ ಇನ್ನೊಂದು. ತಲಾವ್ ತುಂಬಿಸಿ ಕಟ್ಟಡ ಎಬ್ಬಿಸಲು ಬಿಲ್ಡರ್ ಬಿಟ್ಟ ಏಜೆಂಟ್ ಅಂತ ನಮ್ಮ ಸೊಸೈಟಿಯ ಸೆಕ್ರೆಟರಿಗೆ ಮತ್ತೊಂದು. ಕಾಕಾ ಯಾರಿಗೂ ಉತ್ತರ ಕೊಡಲಿಲ್ಲ. ಸಂಶಯಪಡುವವರ ಮೇಲೆ ಅವರಿಗೆ ಒಳಗೊಳಗೇ ಗೌರವವಿತ್ತು ಅಂತ ನನ್ನ ಗುಮಾನಿ.

ಹೊಗಳುವವರನ್ನು ಮಾತ್ರ ಸಹಿಸುತ್ತಿರಲಿಲ್ಲ. ನಮ್ಮ ಭಾಗದ ಕನ್ನಡದವರ ಕೂಟದಲ್ಲಿ ಒಂದು ವರ್ಷ ಫೋಟೋ ಪ್ರದರ್ಶನ ಇಟ್ಟರು. ನಾನೇ ಒತ್ತಾಯ ಮಾಡಿ ಕಾಕಾನ ತಲಾವ್ ಚಿತ್ರ ಹಾಕಿಸಿದೆ. ಬಂದವರೆಲ್ಲ ಅದರ ಮುಂದೆಯೇ ನಿಂತರು. "ಎಷ್ಟು ಹಸಿರು! ನಮ್ಮ ಡೊಂಬಿವಲಿಯೇ ಇದು? ಊರಿನ ಹಾಗೇ ಇದೆಯಲ್ಲ ಮಾರಾಯ್ರೆ!" ಅಂದರು ಮಂಗಳೂರಿನ ಹೋಟೆಲಿನವರೊಬ್ಬರು. ಬಹುಮಾನವೂ ಬಂತು. ಬರುವಾಗ ರಿಕ್ಷಾದಲ್ಲಿ ಕಾಕಾ ಮುಖ ಗಂಟಿಕ್ಕಿಕೊಂಡೇ ಇದ್ದರು.

"ಇಷ್ಟ ಹಸರ ಅಲ್ಲಿ ಇಲ್ರಿ, ಬಾಯಾರ. ವರ್ಷದಿಂದ ವರ್ಷಕ್ಕ ಹಸರ ಏರಾಕತ್ತೈತಿ. ನಾ ಹಾಕಿಲ್ಲ. ಮತ್ತ ಯಾರ ಹಾಕಾಕತ್ತಾರ?"

ಆಮೇಲೆ ಶುರುವಾಯಿತು ನೋಡಿ ತಪಾಸಣೆ. ಕ್ಯಾಮೆರಾ ಮಾರಿದವನು ಲೆನ್ಸ್ ಬದಲಾಯಿಸಿ ಕೊಟ್ಟಿದ್ದಾನೆ ಅಂತ ಮುಂಬೈವರೆಗೆ ಹೋಗಿ ಜಗಳವಾಡಿ ಬಂದರು. ಕಪ್ಪು ಗಾಜು ನಕಲಿ ಅಂತ ಹೊಸದು ತಂದರು. ಮಾನಿಟರ್ ಬದಲಾಯಿಸಿದರು. ಮಗಳು ಕಂಪ್ಯೂಟರಿನಲ್ಲಿ ಏನೋ ಒತ್ತಿದ್ದಾಳೆ ಅಂತ ಅದಕ್ಕೆ ಪಾಸ್‌ವರ್ಡ್ ಹಾಕಿದರು. ನನ್ನನ್ನೂ ಬಿಡಲಿಲ್ಲ. ಪ್ರಿಂಟ್ ಹಾಕಿಸಲು ಕೊಡುವ ಮುಂಚೆ ನೀವೇನಾದರೂ ಹಸಿರು ಏರಿಸಿದಿರಾ ಅಂತ ಕೇಳಿದರು. ನನಗೂ ರೇಗಿತು. "ನನಗೆ ಬೇರೆ ಕೆಲಸ ಇಲ್ವಾ ಕಾಕಾ? ನಿಮ್ಮ ಕಣ್ಣಿಗೇ ವಯಸ್ಸಾಗಿರಬೇಕು" ಅಂದುಬಿಟ್ಟೆ. ಅವರ ಮುಖ ಹೇಗಾಯಿತೆಂದರೆ, ಆ ಮಾತನ್ನು ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ಅಂದುಕೊಂಡೆ. ಕಣ್ಣು ಹೋದರೆ ಫ್ಯಾಕ್ಟರಿಯಲ್ಲಿ ಅವರ ಕುರ್ಚಿ ಹೋದಂತೆ, ಮಾತು ಹೋದಂತೆ. ಅಲ್ಲಿಂದ ಅವರಿಗೆ ಬಣ್ಣದ ಚಿಂತೆ ಹೋಗಿ ಕಣ್ಣಿನ ಚಿಂತೆ ಹತ್ತಿತು.

ಗುಟ್ಟು ಒಡೆದದ್ದು ಒಂದು ಭಾನುವಾರ, ಅವರ ಮನೆಯಲ್ಲಿ. ಅವತ್ತು ಬೆಳಿಗ್ಗೆ ಇಬ್ಬರೂ ಒಂದೇ ಜಾಗದಲ್ಲಿ ನಿಂತು, ತಲಾವ್‌ಗೆ ನಾಲೆ ಬಂದು ಸೇರುವ ಮೂಲೆಯ ಫೋಟೋ ತೆಗೆದಿದ್ದೆವು. ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ ಅವರದು ಹಚ್ಚ ಹಸಿರು. ನನ್ನದರಲ್ಲಿ ಆ ಮೂಲೆಯ ನೀರಿಗೆ ತೆಳುವಾಗಿ ಗುಲಾಬಿ ಛಾಯೆ.

"ನಿಮ್ಮ ಕ್ಯಾಮೆರಾಕ್ಕ ಹುಚ್ಚ ಹಿಡದೈತಿ. ಮ್ಯಾಚ್ ಆಗೂದಿಲ್ಲ" ಅಂದರು ಕಾಕಾ.

"ನಾನು ಬಿಳಿ ಹಾಳೆ ತೋರಿಸಿಯೇ ತೆಗೆದಿದ್ದೀನಿ, ಕಾಕಾ."

ಚಹಾ ತಂದ ಕಾಕು ನಮ್ಮಿಬ್ಬರ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. "ಬಾಯಾರ ಹಾಳಿ ಬೆಳ್ಳಗೈತಿ, ಖರೆ. ನಿಮ್ಮ ಕರ್ಚೀಪ ಬೆಳ್ಳಗೈತೇನು?" ಅಂದರು. ಗ್ರಿಲ್ಲಿನಿಂದ ಕರ್ಚೀಫು ಕಿತ್ತು ತಂದು ನನ್ನ ಉತ್ತರಪತ್ರಿಕೆಯ ಹಾಳೆಯ ಮೇಲೆ ಹಾಕಿದರು. "ನಾ ಎಷ್ಟ ದಿನದಿಂದ ಬಡಕೊಳ್ಳಾಕತ್ತೀನಿ! ತಿಕ್ಕಿದ್ರೂ ಹೋಗವಲ್ದು, ಕುದಿಸಿದ್ರೂ ಹೋಗವಲ್ದು. ಇವರು ಏನಂತಾರ ಗೊತ್ತೇನ್ರಿ? ನನ್ನ ಇಳಕಲ್ ಸೀರಿ ಬಣ್ಣ ಬಿಟ್ಟೈತಂತ! ನನ್ನ ತವರಮನಿ ಸೀರಿ, ಇವತ್ತಿಗೂ ಒಂದ ಹನಿ ಬಣ್ಣ ಬಿಟ್ಟಿಲ್ಲ."

ಹಾಳೆಯ ಮೇಲೆ ಆ ಕರ್ಚೀಫು ಎಳೆ ಗುಲಾಬಿಯಾಗಿ ಕಂಡಿತು. ಒಂಟಿಯಾಗಿದ್ದಾಗ ಯಾರಿಗೂ ಗೊತ್ತಾಗುವಂತಿರಲಿಲ್ಲ. ಅಲ್ಲಿಗೆ ಲೆಕ್ಕ ಸರಿಹೋಯಿತು. ಕ್ಯಾಮೆರಾಗೆ ಗುಲಾಬಿಯನ್ನು ತೋರಿಸಿ ಇದೇ ಬಿಳಿ ಅಂದರೆ, ಅದು ಇಡೀ ಚಿತ್ರದಿಂದ ಅಷ್ಟು ಗುಲಾಬಿಯನ್ನು ತೆಗೆದುಹಾಕುತ್ತದೆ, ಹಸಿರು ಮೇಲೇಳುತ್ತದೆ. ತಲಾವ್ ಕೆಟ್ಟಷ್ಟೂ ಕರ್ಚೀಫು ಕೆಂಪಾಯಿತು, ಕರ್ಚೀಫು ಕೆಂಪಾದಷ್ಟೂ ಫೋಟೋ ಹಸಿರಾಯಿತು. ಬಹುಮಾನ ಬಂದದ್ದು ಅದಕ್ಕೆ! ಊರನ್ನೆಲ್ಲ ಅನುಮಾನಿಸಿದ ಪುಣ್ಯಾತ್ಮ ತನ್ನ ಜೇಬಿನಲ್ಲಿದ್ದ ಬಿಳಿಯನ್ನು ಮಾತ್ರ ಅನುಮಾನಿಸಿರಲಿಲ್ಲ.

ನಾನು ನಗಬೇಕು ಅಂತಿದ್ದೆ. ಕಾಕಾ ಕರ್ಚೀಫು ಎತ್ತಿಕೊಂಡು ಬಾಲ್ಕನಿಗೆ ಹೋದರು. ಒಂದು ಕಣ್ಣು ಮುಚ್ಚಿ, ತೋಳು ಚಾಚಿ, ಆಕಾಶದ ಬೆಳಕಿಗೆ ಹಿಡಿದು ನಿಂತರು. ಚಹಾ ಆರಿತು.

"ಇದು ಸೀರಿ ಬಣ್ಣ ಅಲ್ಲ" ಅಂದರು ಕೊನೆಗೆ. ತಿರುಗದೆಯೇ, "ಇದು ನಮ್ಮದು" ಅಂದರು.

ನಮ್ಮದು ಅಂದರೆ ಫ್ಯಾಕ್ಟರಿಯದು. ಅವರೇ ಪಾಸು ಮಾಡಿ ಕಳಿಸುವ ಬಣ್ಣ, ನಾಲೆಯಲ್ಲಿ ಹರಿದು ತಲಾವ್ ಸೇರುತ್ತಿತ್ತು. ಕಾಕು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ರಿಟೈರ್ ಆಗಲು ಇನ್ನೂ ಕೆಲವು ವರ್ಷವಿತ್ತು, ಮಗಳು ಇಂಜಿನಿಯರಿಂಗ್ ಓದುತ್ತಿದ್ದಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಆ ಕಣ್ಣು ಇದ್ದೂ ಏನು ಬಂತು? ಇದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಾಯಿತು.

ಕಾಕಾ ನನ್ನ ಮುಂದೆ ಬಂದು ನಿಂತರು. "ಬಾಯಾರ, ನೀವು ಯಾರಿಗೂ ಹೇಳೂದಿಲ್ಲಲ್ಲ?" ಅವರ ಕಣ್ಣಿನಲ್ಲಿ ಅದೇ ಹಳೆಯ ಸಂಶಯ, ಈ ಸಲ ಪೂರ್ತಿ ನನ್ನ ಮೇಲೆ.

ಆಮೇಲೆ ಅವರು ತಲಾವ್ ಕಡೆ ಬರುವುದನ್ನೇ ಬಿಟ್ಟರು. ಮೆಟ್ಟಿಲ ಮೇಲೆ ಸಿಕ್ಕರೆ ಮುಖ ತಪ್ಪಿಸುವರು. ನನಗೋ ಇನ್ನೊಂದು ಅನುಮಾನ. ಈ ಮನುಷ್ಯ ಆ ಕರ್ಚೀಫನ್ನು ಸುಟ್ಟು ಹಾಕಿರಬೇಕು, ಇಷ್ಟರಲ್ಲಿ ಎಲ್ಲ ಮುಚ್ಚಿ ಮಣ್ಣು ಮಾಡಿರಬೇಕು ಅಂತ. ಬೆಳಗಾದರೆ ಒಬ್ಬಳೇ ಹೋಗಿ, ನಾನೂ ಕೊಂಡಿದ್ದ ಕಪ್ಪು ಗಾಜು ತಿರುಗಿಸಿ ನೋಡುತ್ತಿದ್ದೆ. ಹೊಳಪು ಆರಿದ ಕೂಡಲೇ ಆ ಮೂಲೆಯಲ್ಲಿ ಗುಲಾಬಿ ಕಾಣುತ್ತಿತ್ತು. ಒಮ್ಮೆ ಕಂಡ ಮೇಲೆ ಗಾಜಿಲ್ಲದೆಯೂ ಕಾಣತೊಡಗಿತು.

ಮಳೆಗಾಲಕ್ಕೆ ಮುಂಚೆ ಮೀನು ತೇಲಿದವು. ವಾಸನೆ ತಡೆಯಲಾಗದೆ ಸೊಸೈಟಿಯ ಹೆಂಗಸರೆಲ್ಲ ಸೇರಿ ಗಲಾಟೆ ಮಾಡಿದೆವು. ತನಿಖೆಗೆ ಸರ್ಕಾರದ ಕಡೆಯಿಂದ ಒಬ್ಬ ಇನ್ಸ್‌ಪೆಕ್ಟರ್ ಬಂದರು. ನಾಲೆಯ ಮೇಲ್ಗಡೆ ಇರುವ ಫ್ಯಾಕ್ಟರಿಗಳಿಂದಲೂ ಒಬ್ಬೊಬ್ಬರನ್ನು ಕರೆಸಿದ್ದರು. ಕಾಕಾನ ಫ್ಯಾಕ್ಟರಿಯ ಮ್ಯಾನೇಜರು ಕಾರಿನಿಂದ ಇಳಿದರು, ಹಿಂದಿನ ಸೀಟಿನಿಂದ ಕಾಕಾ ಇಳಿದರು.

ಮ್ಯಾನೇಜರು ನಗುನಗುತ್ತಲೇ ಇದ್ದರು. "ಸಾಬ್, ಯೇ ಹಮಾರೇ ಶೇಡ್ ಕೆ ಉಸ್ತಾದ್. ಪೂರಾ ಏರಿಯಾ ಇನಕೀ ಆಂಖ್ ಕೋ ಮಾನತಾ ಹೈ. ಯೇ ಬೋಲೇ ಸೋ ಫೈನಲ್." ಅವರ ಲೆಕ್ಕಾಚಾರ ನನಗೆ ಅರ್ಥವಾಯಿತು. ಜನ್ಮವಿಡೀ ಎಲ್ಲದಕ್ಕೂ "ಮ್ಯಾಚ್ ಆಗೂದಿಲ್ಲ" ಅಂದ ಮನುಷ್ಯ, ಇವತ್ತು ಈ ನೀರಿಗೂ ಅಷ್ಟೇ ಅಂದರೆ ಮುಗಿಯಿತು, ಫ್ಯಾಕ್ಟರಿ ಪಾರು. ಸಂಬಳ ಕೊಡುವವರು ಪಕ್ಕದಲ್ಲೇ ನಿಂತಿದ್ದಾರೆ. ನಾನಂತೂ ಆ ಎರಡು ಮಾತಿಗೆ ಕಿವಿ ಗಟ್ಟಿ ಮಾಡಿಕೊಂಡು ನಿಂತೆ. ಕೈಯಲ್ಲಿ ಕ್ಯಾಮೆರಾ ಇತ್ತು.

ಕಾಕಾ ಆಕಾಶ ನೋಡಿದರು. "ಥೋಡಾ ರುಕೋ ಸಾಬ್. ಬಾದಲ್ ಆನೇ ದೋ."

ಬಿಸಿಲಿನಲ್ಲಿ ಬಣ್ಣ ನೋಡಬಾರದು, ಅದು ಅವರ ನೇಮ. ಸತ್ತ ಮೀನಿನ ನಾತದಲ್ಲಿ ಇನ್ಸ್‌ಪೆಕ್ಟರ್ ಮೂಗು ಮುಚ್ಚಿಕೊಂಡು, ಮ್ಯಾನೇಜರ್ ಗಡಿಯಾರ ನೋಡಿಕೊಂಡು, ನಾವು ಹೆಂಗಸರು ಗೊಣಗಿಕೊಂಡು ಮೋಡಕ್ಕೆ ಕಾದೆವು. ಮೋಡ ಬಂತು. ಕಾಕಾ ಎಡಜೇಬಿನಿಂದ ಫ್ಯಾಕ್ಟರಿಯ ಬಣ್ಣ ಅದ್ದಿದ ಹತ್ತಿ ತುಂಡು ತೆಗೆದು ಕಲ್ಲಿನ ಮೇಲೆ ಇಟ್ಟರು. ಬಲಜೇಬಿಗೆ ಕೈ ಹಾಕಿದರು. ಸುಟ್ಟಿರಲಿಲ್ಲ. ಅದೇ ಕರ್ಚೀಫು.

ಕೂತು, ಎದ್ದು, ಒಂದು ಕಣ್ಣು ಮುಚ್ಚಿ, ಎರಡನ್ನೂ ತೋಳಳತೆಯಲ್ಲಿ ಹಿಡಿದು ನೋಡಿದರು. ನಾನು ಗುಂಡಿ ಒತ್ತಿದೆ. ಸದ್ದು ಕೇಳಿ ನನ್ನ ಕಡೆ ತಿರುಗಿದರು. ಅಳಿಸಿ ಅನ್ನಲಿಲ್ಲ.

"ಮ್ಯಾಚ್ ಹೈ, ಸಾಬ್" ಅಂದರು ಇನ್ಸ್‌ಪೆಕ್ಟರಿಗೆ. "ಹಮಾರಾ ಹೈ. ಯೇ ರೂಮಾಲ್ ಇಸೀ ಪಾನೀ ಮೇ ಧೋತಾ ಥಾ ಮೈ."

ಬಣ್ಣ ನಮ್ಮದೇ, ಈ ಕರ್ಚೀಫು ಒಗೆದದ್ದು ಇದೇ ನೀರಿನಲ್ಲಿ ಅಂದದ್ದೇ, ಮ್ಯಾನೇಜರ ನಗು ಅಲ್ಲೇ ಉಳಿದುಬಿಟ್ಟಿತು, ಅದಕ್ಕೆ ಎಲ್ಲಿಗೆ ಹೋಗಬೇಕೆಂದು ಗೊತ್ತಾಗದ ಹಾಗೆ. ಕಾಕಾ ನಡೆದೇ ಮನೆಗೆ ಹೋದರು. ಕಾರಿನಲ್ಲಿ ಯಾರೂ ಕರೆಯಲೂ ಇಲ್ಲ.

ಇದರಿಂದ ತಲಾವ್ ಉದ್ಧಾರವಾಯಿತು ಅಂತ ನಾನು ಬರೆಯಲಾರೆ. ಒಂದು ಪೈಪು ಮುಚ್ಚಿದರು, ಗುಲಾಬಿ ಹೋಯಿತು, ಎರಡು ವರ್ಷದಲ್ಲಿ ಬೇರೇನೋ ಬೂದಿ ಬಣ್ಣ ಬಂತು. ಅದು ಯಾರದೋ! ಕಾಕಾನನ್ನು ಲ್ಯಾಬಿನಿಂದ ಎತ್ತಿ ಗೋಡೌನಿನ ಬಾಗಿಲಿಗೆ ಹಾಕಿದರು. ಬಣ್ಣದ ಡಬ್ಬಿಗಳು ಬಾಯಿ ಮುಚ್ಚಿಕೊಂಡೇ ಬರುವ ಜಾಗ ಅದು, ನೋಡುವುದಕ್ಕೆ ಏನೂ ಇಲ್ಲ. ನಮ್ಮ ಕಟ್ಟಡದಲ್ಲಿದ್ದ ಫ್ಯಾಕ್ಟರಿಯವರು ಮಾತು ಬಿಟ್ಟರು. ಬಿಲ್ಡರ್‌ನಿಂದ ಲಂಚ ತಿಂದಿದ್ದಾನೆ ಅಂತ ಸೆಕ್ರೆಟರಿ ಗುಟ್ಟಾಗಿ ಎಲ್ಲರಿಗೂ ಹೇಳಿದರು. ಕಾಕಾನಿಗೆ ಹೇಳಿದರೆ, "ಅವರಿಗೆ ಸಂಶೆ ಬಂದಿದ್ದು ಛಲೋನ ಆತು. ಹಿಂಗ ಎಲ್ಲಾದರ ಮ್ಯಾಲೂ ಬರಲಿ" ಅಂದರು.

ಕಾಕುವಿನ ಕ್ಷಮೆಯನ್ನು ಮಾತ್ರ ಅವರು ಬಾಯಿಬಿಟ್ಟು ಕೇಳಲಿಲ್ಲ. ತನಿಖೆಯ ಮುಂದಿನ ವಾರ ಪಕ್ಕದೂರು ಕಲ್ಯಾಣದಿಂದ ಅದೇ ಕೆಂಪಿನ ಹೊಸ ಇಳಕಲ್ ಸೀರೆ ತಂದರು. ಕೊಡುವ ಮೊದಲು ಅದರ ಅಂಚನ್ನು ಬಕೆಟ್ಟಿನಲ್ಲಿ ಅದ್ದಿ, ಹೊಸ ಬಿಳಿ ಕರ್ಚೀಫಿನಿಂದ ಒತ್ತಿ, ಬಣ್ಣ ಬಿಡುತ್ತದೋ ಅಂತ ನೋಡಿದರಂತೆ. "ಮಾಫಿ ಕೇಳೂಮುಂದೂ ಸಂಶೆ ಬಿಡಲಿಲ್ಲ ಆ ಮನಷ್ಯಾ" ಅಂತ ಕಾಕು ನಗುತ್ತಾ ಹೇಳಿದ್ದರು. ಆಮೇಲೆ ಕಾಕಾ ರಿಟೈರ್ ಆಗಿ, ಮಗಳ ಜೊತೆ ಖಾರಘರಕ್ಕೆ ಹೋದರು. ಫೋನಿನಲ್ಲಿ ಸಿಕ್ಕಾಗಲೆಲ್ಲ, ಇಲ್ಲಿಯ ಗುಡ್ಡವೇನೋ ಹಸಿರಾಗಿದೆ, ಆದರೆ ಯಾಕೋ ನಂಬಿಕೆ ಬರುತ್ತಿಲ್ಲ ಅನ್ನುತ್ತಿದ್ದರು. ಹೋದ ವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಕಾಕುವಿನ ಪಕ್ಕ ಕೂತಿದ್ದ ನನಗೆ ತಟ್ಟನೆ ಆ ಫೋಟೋ ನೆನಪಾಯಿತು. ಅವರು ಅಳಿಸಿ ಅನ್ನದೇ ಬಿಟ್ಟ ಒಂದೇ ಫೋಟೋ. ಮಾರನೇ ದಿನ ಲ್ಯಾಪ್‌ಟಾಪ್ ತೆಗೆದುಕೊಂಡು ಮತ್ತೆ ಹೋದೆ. ತೆರೆದು ತೋರಿಸಿದೆ. ತಲಾವ್ ದಂಡೆ, ಮೋಡದ ಬೆಳಕು, ಕಪ್ಪು ಮುಖ, ಗುಳಿಗಳು, ಹುಬ್ಬಿನ ಗಂಟು. ಚಾಚಿದ ಕೈಯಲ್ಲಿ ಗುಲಾಬಿ ಕರ್ಚೀಫು.

ಮಗಳು ಬಗ್ಗಿ ನೋಡಿದಳು. ಅವಳ ಕಣ್ಣು ತುಂಬಿತ್ತು. "ಯೇ 'ವೋ' ದಿನ್ ಕಾ ಹೈ ನ, ಆಂಟಿ?" ಅಂದಳು. ಮತ್ತೆ ತಡವರಿಸಿ, "ಲೇಕಿನ್ ಲೋಗ್ ಆಯೇಂಗೇ, ಹಾಥ್ ಮೇ ದಾಗ್ ವಾಲಾ ರೂಮಾಲ್... ಬಸ್ ಉತನಾ ವೈಟ್ ಕರ್ ದೋ ನ."

ಆ ಕಲೆಯನ್ನಷ್ಟು ಬೆಳ್ಳಗೆ ಮಾಡುವುದು ಒಂದು ಕ್ಲಿಕ್ಕಿನ ಕೆಲಸ. ಕರ್ಚೀಫಿನ ಮೇಲೆ ಬಾಣದ ಗುರುತಿಟ್ಟು ಇದೇ ಬಿಳಿ ಅಂದರೆ ಅದು ಬೆಳ್ಳಗಾಗುತ್ತದೆ. ಮಾಡಿ ತೋರಿಸಿದೆ. ಕರ್ಚೀಫು ಹಾಲಿನಂತಾಯಿತು. ಹಿಂದಿನ ತಲಾವ್ ಹಚ್ಚ ಹಸಿರಾಯಿತು, ಕಾಕಾನ ಮುಖ ಪಾಚಿಗಟ್ಟಿತು. ಮಗಳು "ಅಯ್ಯೋ" ಅಂದಳು, ಅಪ್ಪನ ಹಾಗೇ, ಕನ್ನಡದಲ್ಲಿ. ನಾನು ವಾಪಸ್ ಮೊದಲಿನಂತೆ ಮಾಡಿ, ಕೆಳಗಿನ ಸ್ಟುಡಿಯೋಗೆ ಹೋಗಿ, ಏನನ್ನೂ ಮುಟ್ಟಬೇಡಿ ಅಂತ ಎದುರಿಗೇ ನಿಂತು ಪ್ರಿಂಟ್ ಹಾಕಿಸಿ ತಂದೆ.

ಕಾಕು ಅದನ್ನು ಕೈಗೆ ತೆಗೆದುಕೊಂಡು ಎದ್ದರು. ಬಾಲ್ಕನಿಗೆ ಹೋದರು. ಅಲ್ಲಿ ಬಿಸಿಲು ಬಿದ್ದಿತ್ತು. ನೆರಳಿನ ಮೂಲೆಗೆ ಸರಿದು, ಒಂದು ಕಣ್ಣು ಮುಚ್ಚಿ, ತೋಳು ಚಾಚಿ ಹಿಡಿದು ಬಹಳ ಹೊತ್ತು ನೋಡಿದರು. ಮೊದಲ ಸಲ ಅವರ ಕೆನ್ನೆಯ ಮೇಲೆ ನೀರು ಇಳಿಯಿತು.

"ಹಾಂ" ಅಂದರು. "ಮ್ಯಾಚ್ ಆಗತೈತಿ."